ವೆನಿಲಾಕ್ಕೆ ಕಾಯಿ ಕಟ್ಟಿಸಿದ ಎಡ್ಮಂಡ್ ಆಲ್ಬಿಯಸ್

ಮಂಜು ಕವಿಯುವ ಕಾಡಿನ ಮರಗಳ ಮೇಲೆ ಬೆಳೆಯುವ ಆರ್ಕಿಡ್‌ಗಳನ್ನು ಹೂವಿನ ಅಂದಕ್ಕಾಗಿ ಮನೆಗಳಲ್ಲಿ ಸಾಕುವವರಿದ್ದಾರೆ. ಮಲೆನಾಡಿನ ಸೀತಾಳೆ ದಂಡೆಯೂ ಈ ಕುಟುಂಬದ್ದೇ. ಇದೇ ಕುಟುಂಬದ ವೆನಿಲಾ ಬಳ್ಳಿಯನ್ನು ಮಾತ್ರ ಕಾಯಿಗಾಗಿ ತೋಟಗಳಲ್ಲಿ ಬೆಳೆಸುತ್ತಾರೆ. ಐಸ್‌ಕ್ರೀಮಿಗೆ ಪರಿಮಳ ಕೊಡುವುದು ಈ ಕಾಯಿಯೇ. ಕೈಯಿಂದ ಇದಕ್ಕೆ ಕಾಯಿ ಕಟ್ಟಿಸುವ ಸುಲಭ ಉಪಾಯ ಕಂಡುಹಿಡಿದವನು 12 ವರ್ಷದ ಒಬ್ಬ ಗುಲಾಮ ಬಾಲಕ.

ಎಡ್ಮಂಡ್ ಹುಟ್ಟಿದ್ದು 1829ರಲ್ಲಿ, ಹಿಂದೂ ಮಹಾಸಾಗರದಲ್ಲಿ ಫ್ರೆಂಚರ ಆಳ್ವಿಕೆಯಲ್ಲಿದ್ದ ರಿಯೂನಿಯನ್ ದ್ವೀಪದಲ್ಲಿ. ಹೆರಿಗೆಯಲ್ಲೇ ತಾಯಿ ತೀರಿಕೊಂಡಳು. ಓದುಬರಹದ ಭಾಗ್ಯ ಅವನಿಗಿರಲಿಲ್ಲ. ತೋಟದ ಒಡೆಯ ಬೆಲಿಯೆಯ ಹಿಂದೆ ತಿರುಗಾಡುತ್ತ ಗಿಡಗಳ ಕೆಲಸ ಕಲಿತ. ಕಲ್ಲಂಗಡಿಯ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಮುಟ್ಟಿಸುವುದನ್ನೂ ಒಡೆಯನಿಂದಲೇ ತಿಳಿದುಕೊಂಡ.

ವೆನಿಲಾದ ತವರು ಮೆಕ್ಸಿಕೊ. ಅಲ್ಲಿ ಪರಾಗಸ್ಪರ್ಶ ಮಾಡುವ ಜೇನ್ನೊಣಗಳು ರಿಯೂನಿಯನ್‌ನಲ್ಲಿರಲಿಲ್ಲ. ಹೀಗಾಗಿ ಬೆಲಿಯೆಯ ಬಳ್ಳಿ ಸುಮಾರು 20 ವರ್ಷ ಬಂಜೆಯಾಗಿಯೇ ಇತ್ತು. ಬೆಲ್ಜಿಯಂನ ವಿಜ್ಞಾನಿ ಮೊರೆನ್ 1836ರಲ್ಲಿ ಕೈಯಿಂದ ಕಾಯಿ ಕಟ್ಟಿಸಿದ್ದರೂ ಆ ಕ್ರಮ ತೋಟಗಾರರಿಗೆ ಒಗ್ಗಲಿಲ್ಲ. 1841ರಲ್ಲಿ ಎಡ್ಮಂಡ್ ಹೂವಿನ ಗಂಡು ಮತ್ತು ಹೆಣ್ಣು ಭಾಗಗಳ ನಡುವಿನ ತೆಳು ಪೊರೆಯನ್ನು ಸಣ್ಣ ಕಡ್ಡಿಯಿಂದ ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತಿದ. ಕಾಯಿ ನಿಂತಿತು. ಹೂವು ಅರಳಿರುವುದು ಒಂದೇ ದಿನವಾದ್ದರಿಂದ ಈ ಕೆಲಸ ಬೆಳಗಿನ ಹೊತ್ತಿನಲ್ಲೇ ಮುಗಿಯಬೇಕು.

ಒಡೆಯ ಅವನನ್ನು ಬೇರೆ ತೋಟಗಳಿಗೂ ಕಳಿಸಿ ಈ ಉಪಾಯ ಕಲಿಸಿಸಿದ. ಕೆಲವು ದಶಕಗಳಲ್ಲಿ ಪುಟ್ಟ ದ್ವೀಪ ವೆನಿಲಾದಲ್ಲಿ ಮೆಕ್ಸಿಕೊವನ್ನೇ ಹಿಂದೆ ಹಾಕಿತು. ಆದರೆ ಎಡ್ಮಂಡನ ಕೈಗೆ ಅದರ ಲಾಭ ಬರಲಿಲ್ಲ. 1848ರಲ್ಲಿ ಗುಲಾಮಗಿರಿ ರದ್ದಾದಾಗ ಬಿಡುಗಡೆಯೂ ಆಲ್ಬಿಯಸ್ ಎಂಬ ಅಡ್ಡಹೆಸರೂ ಸಿಕ್ಕವು. ಮುಂದೆ ಕಳವಿನ ಆರೋಪದಲ್ಲಿ ಸೆರೆಮನೆ ಕಂಡ. ಬೆಲಿಯೆಯ ಮನವಿಯಿಂದ ಅವಧಿಗೆ ಮೊದಲೇ ಹೊರಬಂದ. ಸಸ್ಯಶಾಸ್ತ್ರಜ್ಞ ರಿಷಾರ್ ಈ ಉಪಾಯ ತನ್ನದೆಂದಾಗ, ಅದು ಎಡ್ಮಂಡನದೇ ಎಂದು ಬರೆದು ಸಾರಿದವನೂ ಬೆಲಿಯೆಯೇ. 1880ರಲ್ಲಿ ಆಲ್ಬಿಯಸ್ ಬಡತನದಲ್ಲಿಯೇ ಕಣ್ಣು ಮುಚ್ಚಿದ.

ಸುಮಾರು 2003ರಲ್ಲಿ ವೆನಿಲಾ ಬೆಲೆ ಗಗನಕ್ಕೇರಿದಾಗ ನಮ್ಮ ಮಲೆನಾಡಿನ ತೋಟಗಳಲ್ಲೂ ನಡೆದದ್ದು ಈ ಕಡ್ಡಿಯ ಕೆಲಸವೇ. ಮುಂದೆ ಬೆಲೆ ಕುಸಿಯಿತು, ವಿದ್ಯೆ ಉಳಿಯಿತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಒಣ ಹವೆ ವೆನಿಲಾಕ್ಕೆ ಒಗ್ಗದು. ಆದರೆ ಎಡ್ಮಂಡ್ ಮೊದಲು ಕಲಿತ ಪಾಠ ನಮ್ಮ ಹಿತ್ತಲಿಗೂ ಸಲ್ಲುತ್ತದೆ. ಜೇನು ಸುಳಿಯದೆ ಕಲ್ಲಂಗಡಿ, ಕುಂಬಳದ ಹೀಚು ಉದುರುತ್ತಿದ್ದರೆ, ಬೆಳಿಗ್ಗೆ ಆಗತಾನೆ ಅರಳಿದ ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವೆ ಮೆಲ್ಲನೆ ಸವರಬೇಕು. ಬುಡದಲ್ಲಿ ಸಣ್ಣ ಕಾಯಿ ಇರುವುದೇ ಹೆಣ್ಣು ಹೂವು.