ಕುರ್ಚಿ ಮಾಡಿದ ಮಹನೀಯ ಪಿಯರ್ ಜಾನರೆ

ನಮ್ಮ ಗೋಡೆ ಪತ್ರಿಕೆಯಲ್ಲಿ ರಾಜರು, ಕವಿಗಳು, ವಿಜ್ಞಾನಿಗಳ ಜೀವನ ಚರಿತ್ರೆ ಬರುತ್ತಾ ಇರುತ್ತದೆ. ನಾನು ಈ ಸಲ ಕುರ್ಚಿ ಮಾಡಿದವರೊಬ್ಬರ ಬಗ್ಗೆ ಬರೆಯುತ್ತೇನೆ. ಕುರ್ಚಿ ಮಾಡೋದೇನು ಮಹಾ ಅಂತ ನಗಬೇಡಿ, ಪೂರ್ತಿ ಓದಿ.

ಪಿಯರ್ ಜಾನರೆಯವರು 1896ನೇ ಇಸವಿ ಮಾರ್ಚ್ 22ರಂದು ಸ್ವಿಟ್ಜರ್ಲೆಂಡ್ ದೇಶದ ಜಿನೀವಾ ನಗರದಲ್ಲಿ ಜನಿಸಿದರು. ಅಲ್ಲಿಯೇ ಓದಿದರು. ಆಮೇಲೆ ಪ್ಯಾರಿಸ್ಸಿಗೆ ಹೋಗಿ 1922ರಿಂದ ಲೆ ಕಾರ್ಬೂಸಿಯೆ ಅವರ ಜೊತೆ ಕಟ್ಟಡಗಳ ನಕ್ಷೆ ಮಾಡುವ ಕೆಲಸ ಮಾಡಿದರು. ಕಾರ್ಬೂಸಿಯೆಯವರು ಇವರಿಗೆ ವರಸೆಯಲ್ಲಿ ಅಣ್ಣ. ಇವರಿಬ್ಬರೂ, ಶಾರ್ಲೆಟ್ ಪೆರಿಯಾಂ ಎಂಬ ಮಹಿಳೆಯೂ ಸೇರಿ ಉಕ್ಕಿನ ಕೊಳವೆಯಿಂದ ಹೊಸ ತರಹದ ಕುರ್ಚಿ ಮಾಡಿ 1929ರಲ್ಲಿ ಪ್ರದರ್ಶನಕ್ಕೆ ಇಟ್ಟರು. ಆದರೆ ಹೆಸರು ಜಾಸ್ತಿ ಬಂದಿದ್ದು ಅಣ್ಣನಿಗೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಬ್ಬರೂ ಬೇರೆಯಾದರು.

1947ರಲ್ಲಿ ನಮ್ಮ ದೇಶ ವಿಭಜನೆಯಾದಾಗ ಪಂಜಾಬಿನ ರಾಜಧಾನಿ ಲಾಹೋರ್ ಪಾಕಿಸ್ತಾನಕ್ಕೆ ಸೇರಿತು. ಅದಕ್ಕೇ ಚಂಡೀಗಢ ಎಂಬ ಹೊಸ ನಗರ ಕಟ್ಟಬೇಕಾಯಿತು. 1951ರಲ್ಲಿ ಅಣ್ಣ ತಮ್ಮ ಮತ್ತೆ ಒಂದಾಗಿ ಆ ಕೆಲಸಕ್ಕೆ ಬಂದರು. ಕಾರ್ಬೂಸಿಯೆಯವರು ಆಗಾಗ ಬಂದು ಹೋಗುತ್ತಿದ್ದರು. ಪಿಯರ್ ಅವರು ಮಾತ್ರ ಅಲ್ಲೇ ಮನೆ ಮಾಡಿಕೊಂಡು 1965ರವರೆಗೆ ಇದ್ದರು. ಆ ಮನೆ ಈಗ ವಸ್ತುಸಂಗ್ರಹಾಲಯ ಆಗಿದೆ.

ಊರೇ ಹೊಸದು, ಕಚೇರಿ, ಕಾಲೇಜು, ಹೈಕೋರ್ಟು ಎಲ್ಲಾ ಹೊಸದು. ಕೂರೋದಕ್ಕೆ ಸಾವಿರಾರು ಕುರ್ಚಿ ಬೇಕಲ್ಲ? ಪಿಯರ್ ಅವರು ಇಲ್ಲಿ ಉಕ್ಕನ್ನು ನೆಚ್ಚಿಕೊಳ್ಳಲಿಲ್ಲ. ನಮ್ಮ ದೇಶದ ತೇಗದ ಮರ, ಬೆತ್ತ, ಇಲ್ಲಿಯ ಬಡಗಿಗಳ ಕೈಕೆಲಸ ಇವನ್ನೇ ನಂಬಿದರು. ತೇಗಕ್ಕೆ ಹುಳ ಬೇಗ ಹಿಡಿಯೋದಿಲ್ಲ. ಬೆತ್ತದ ತೂತುಗಳಲ್ಲಿ ಗಾಳಿ ಆಡುವುದರಿಂದ ಬೇಸಿಗೆಯಲ್ಲೂ ಬೆನ್ನು ಬೆವರೋದಿಲ್ಲ. ಭಾರತದ ವಾಸ್ತುಶಿಲ್ಪಿಗಳೂ ಈ ಕೆಲಸದಲ್ಲಿ ಅವರ ಜೊತೆ ಇದ್ದರು.

ಈ ಕುರ್ಚಿಯನ್ನು ಗುರುತಿಸುವುದು ಹೇಗೆ? ಪಕ್ಕದಿಂದ ನೋಡಿ. ನಮ್ಮ ಜಾಮಿಟ್ರಿ ಬಾಕ್ಸಿನ ಕೈವಾರ ಅಗಲಿಸಿ ನಿಲ್ಲಿಸಿದ ಹಾಗೆ ಕಾಲುಗಳು ಕಾಣುತ್ತವೆ. ಎಲ್ಲವಕ್ಕೂ ಹಾಗೆ ಇರೋದಿಲ್ಲ, ಆದರೆ ಬಹಳ ಪ್ರಸಿದ್ಧವಾದದ್ದು ಅದೇ. ಆಮೇಲೆ ಹಿಂಭಾಗ ನೋಡಿ. ನಮ್ಮ ಹೆಡ್‌ಮಾಸ್ತರ ಕುರ್ಚಿಯ ಹಿಂದೆ ಶಾಲೆ ಹೆಸರು, ನಂಬರು ಪೇಂಟಿನಲ್ಲಿ ಬರೆದಿದೆಯಲ್ಲ, ಹಾಗೇ ಅವುಗಳ ಮೇಲೂ ಕಚೇರಿಯ ಹೆಸರು, ನಂಬರು ಇರುತ್ತದೆ. ಈಗ ನಕಲಿ ಮಾಡುವವರು ಅದನ್ನೂ ಬರೆದುಬಿಡುತ್ತಾರಂತೆ!

ಪಿಯರ್ ಅವರಿಗೆ ಕಾಯಿಲೆಯಾಗಿ ಸ್ವಿಟ್ಜರ್ಲೆಂಡಿಗೆ ವಾಪಸು ಹೋದರು. 1967ರ ಡಿಸೆಂಬರ್‌ನಲ್ಲಿ ಜಿನೀವಾದಲ್ಲಿ ತೀರಿಕೊಂಡರು. ಅವರ ಆಸೆಯಂತೆ ಚಿತಾಭಸ್ಮವನ್ನು ಚಂಡೀಗಢದ ಸುಖ್ನಾ ಕೆರೆಯಲ್ಲಿ ಬಿಟ್ಟರು. ಹುಟ್ಟಿದ್ದು ಎಲ್ಲೋ, ಸೇರಿದ್ದು ನಮ್ಮ ನೀರನ್ನು!

ಆದರೆ ಅವರ ಕುರ್ಚಿಗಳ ಗತಿ ಕೇಳಿ. ಹಳೆಯದಾಯಿತು, ಬೆತ್ತ ಹರಿಯಿತು ಅಂತ ಕಚೇರಿಯವರು ಮೂಲೆಗೆ, ಮಹಡಿ ಮೇಲಕ್ಕೆ ಹಾಕಿದರು. ಗುಜರಿ ಲೆಕ್ಕದಲ್ಲಿ ಹರಾಜು ಹಾಕಿದರು. ಹೊರದೇಶದ ವ್ಯಾಪಾರಿಗಳು ಕೊಂಡು, ರಿಪೇರಿ ಮಾಡಿಸಿ, ಲಕ್ಷಗಟ್ಟಲೆ ರೂಪಾಯಿಗೆ ಮಾರಿದರು. 2011ರಲ್ಲಿ ಕೇಂದ್ರ ಸರ್ಕಾರ ಇವನ್ನು ಮಾರಬಾರದೆಂದು ಆಜ್ಞೆ ಮಾಡಿತು. ಆ ಹೊತ್ತಿಗೆ ಎಷ್ಟೋ ಕುರ್ಚಿಗಳು ಹಡಗು ಹತ್ತಿ ಹೋಗಿದ್ದವು.

ನನಗೆ ಒಂದು ಬೇಜಾರು. ಕುರ್ಚಿಯ ಮೇಲೆ ಕಚೇರಿಯ ಹೆಸರಿದೆ, ಮಾಡಿದ ಬಡಗಿಯ ಹೆಸರಿಲ್ಲ. ಪಿಯರ್ ಅವರ ಹೆಸರೂ ಬಹಳ ದಿನ ಅಣ್ಣನ ಹೆಸರಿನ ಹಿಂದೆಯೇ ಇತ್ತು. ಆದರೂ ಕೆಲಸ ಚೆನ್ನಾಗಿದ್ದರೆ ಒಂದಲ್ಲ ಒಂದು ದಿನ ಜನ ತಿರುಗಿ ನೋಡುತ್ತಾರೆ ಎಂದು ಅವರ ಜೀವನದಿಂದ ತಿಳಿಯುತ್ತದೆ. ಗೆಳೆಯರೇ, ಹಳೇ ಕುರ್ಚಿಯನ್ನು ಸೌದೆಗೆ ಹಾಕುವ ಮುಂಚೆ ಒಂದು ಸಲ ತಿರುಗಿಸಿ, ಬಗ್ಗಿ ನೋಡಿ. ಅದರಲ್ಲಿ ಯಾರದೋ ಕೈ ಇದೆ.

– 7ನೇ ತರಗತಿ