ಉಕ್ಕಿನ ಡೇರೆಯ ಶಿಲ್ಪಿ ಶುಖೋವ್

ಜಾತ್ರೆಯ ಡೇರೆಯನ್ನು ನಾವೆಲ್ಲರೂ ಕಂಡಿದ್ದೇವೆ. ಹಗ್ಗವನ್ನು ಬಿಗಿದಾಗ ಬಟ್ಟೆ ಗಾಳಿಗೆ ಎದುರಾಗಿ ನಿಲ್ಲುತ್ತದೆ, ಸಡಿಲಿಸಿದರೆ ಕುಸಿಯುತ್ತದೆ. ಸೆಳೆತದಿಂದಲೇ ನಿಲ್ಲುವ ಈ ತತ್ತ್ವವನ್ನು ಉಕ್ಕಿನ ವಿಶಾಲ ಛಾವಣಿಗೆ ಅಳವಡಿಸಿ ತೋರಿದವರು ರಷ್ಯದ ಎಂಜಿನಿಯರ್ ವ್ಲಾದಿಮಿರ್ ಶುಖೋವ್.

1853ರಲ್ಲಿ ಗ್ರೈವೊರೊನ್ ಎಂಬ ಸಣ್ಣ ಊರಿನಲ್ಲಿ ಜನಿಸಿದ ಅವರು, 1876ರಲ್ಲಿ ಮಾಸ್ಕೋದ ತಾಂತ್ರಿಕ ವಿದ್ಯಾಲಯದಲ್ಲಿ ವ್ಯಾಸಂಗ ಮುಗಿಸಿದರು. ಬಾಕುವಿನಲ್ಲಿ ತೈಲ ಸಾಗಿಸುವ ಕೊಳವೆಮಾರ್ಗವನ್ನು ನಿರ್ಮಿಸಿ ಹೆಸರಾದರು.

1896ರಲ್ಲಿ ನಿಜ್ನಿ ನೊವ್‌ಗೊರೊದ್ ನಗರದ ಮಹಾಪ್ರದರ್ಶನಕ್ಕೆ ಅವರು ಮಂಟಪಗಳನ್ನು ಕಟ್ಟಿದರು. ಅವುಗಳಲ್ಲಿ ದುಂಡನೆಯ ಮಂಟಪದ ವ್ಯಾಸ 68 ಮೀಟರ್. ಅದಕ್ಕೆ ಭಾರವಾದ ತೊಲೆಗಳಿರಲಿಲ್ಲ; ತೆಳುವಾದ ಉಕ್ಕಿನ ಪಟ್ಟಿಗಳನ್ನು ಬಲೆಯಂತೆ ಹೆಣೆದು, ಒಳಗಿನ ಕಂಬಗಳ ಸಾಲಿನಿಂದ ಹೊರಗೋಡೆಯವರೆಗೆ ತೂಗುಬಿಟ್ಟಿದ್ದರು. ನಡುಭಾಗವನ್ನು ತಗಡಿನ ತೆಳುಪೊರೆ ಮುಚ್ಚಿತ್ತು.

ಕ್ರಾಂತಿಯ ಬಳಿಕ ಮಾಸ್ಕೋದಲ್ಲಿ ಬಾನುಲಿ ಗೋಪುರದ ಹೊಣೆ ಅವರಿಗೆ ಬಂತು. 350 ಮೀಟರ್ ಎತ್ತರದ ಯೋಜನೆಯನ್ನು ಉಕ್ಕಿನ ಅಭಾವದಿಂದಾಗಿ ಸುಮಾರು 150 ಮೀಟರಿಗೆ ಇಳಿಸಬೇಕಾಯಿತು. 1921ರಲ್ಲಿ, ಮೇಲೆತ್ತುತ್ತಿದ್ದ ಒಂದು ಭಾಗ ಕಳಚಿ ಬಿತ್ತು. ಆಳುವವರು ಶುಖೋವರಿಗೆ ಮರಣದಂಡನೆ ವಿಧಿಸಿ, ಅದನ್ನು ಷರತ್ತಿನ ಮೇಲೆ ತಡೆಹಿಡಿದರು. ತಲೆಯ ಮೇಲೆ ಆ ಶಿಕ್ಷೆ ತೂಗುತ್ತಿದ್ದಂತೆಯೇ ಅವರು ಕೆಲಸ ಮುಂದುವರಿಸಿದರು. 1922ರಲ್ಲಿ ಗೋಪುರದಿಂದ ಪ್ರಸಾರ ಆರಂಭವಾಯಿತು.

1939ರಲ್ಲಿ ಶುಖೋವ್ ನಿಧನರಾದರು. 1955ರಲ್ಲಿ ಜರ್ಮನಿಯ ಫ್ರೈ ಒಟ್ಟೊ ಕಾಸೆಲ್ ಉದ್ಯಾನ ಪ್ರದರ್ಶನದಲ್ಲಿ ಹತ್ತಿಬಟ್ಟೆಯನ್ನೇ ಬಿಗಿದು ಸಂಗೀತ ಮಂಟಪ ನಿರ್ಮಿಸಿದರು. ಇಂದು ಕ್ರೀಡಾಂಗಣ, ವಿಮಾನ ನಿಲ್ದಾಣಗಳ ಮೇಲೆ ನಾವು ಕಾಣುವ ಬಿಗಿಬಟ್ಟೆಯ ಛಾವಣಿಗಳೂ ಅದೇ ಸೆಳೆತದಿಂದ ನಿಂತಿವೆ. ಶುಖೋವರ ಗೋಪುರವೂ ಮಾಸ್ಕೋದಲ್ಲಿ ಇಂದಿಗೂ ನಿಂತಿದೆ.