ತಿರುವೈಯಾರಿನ ಬಯಲು ಸಂಗೀತಕ್ಕೆ ನೆಲೆ ಕೊಟ್ಟ ನಂಜನಗೂಡಿನ ಹೆಣ್ಣುಮಗಳು

ನಂಜನಗೂಡು: ನಂಜನಗೂಡು ಅಂದ್ರೆ ಹೊರಗಿನವರಿಗೆ ಥಟ್ಟನೆ ನೆನಪಾಗೋದು ನಂಜುಂಡೇಶ್ವರ, ದೊಡ್ಡ ಜಾತ್ರೆ, ರಸಬಾಳೆ, ಹಲ್ಲುಪುಡಿ. ಸಂಗೀತದ ವಿಷಯಕ್ಕೆ ಈ ಊರಿನ ಹೆಸರು ತೆಗೆಯುವವರು ಕಡಿಮೆ. ಆದರೆ ದಕ್ಷಿಣ ಭಾರತದಲ್ಲೇ ದೊಡ್ಡದೆನಿಸಿದ ಉಚಿತ ಬಯಲು ಸಂಗೀತ ಉತ್ಸವವೊಂದು ಇವತ್ತು ಹೀಗೆ ನಡೆಯುತ್ತಿದೆ ಅಂದ್ರೆ ಅದಕ್ಕೆ ಕಾರಣರಾದವರಲ್ಲಿ ಮುಖ್ಯರು ಇದೇ ಊರಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು. ಬೇರೆ ಊರಿನ ಹೆಸರಲ್ಲಿ ಪ್ರಸಿದ್ಧಿ ಪಡೆದಿದ್ದರಿಂದ ನಮ್ಮವರೇ ಅವರನ್ನು ಮರೆತಿದ್ದಾರೆ. ಅವರೇ ಬೆಂಗಳೂರು ನಾಗರತ್ನಮ್ಮ.

ಉತ್ಸವ ಯಾವುದು ಅಂತೀರಾ? ತಮಿಳುನಾಡಿನ ತಂಜಾವೂರು ಪಕ್ಕದ ತಿರುವೈಯಾರಿನಲ್ಲಿ ಪ್ರತಿ ವರ್ಷ ನಡೆಯುವ ತ್ಯಾಗರಾಜರ ಆರಾಧನೆ.

ಟಿಕೆಟ್ ಇಲ್ಲ, ಸಂಭಾವನೆ ಇಲ್ಲ

ತ್ಯಾಗರಾಜರು ತೀರಿಕೊಂಡದ್ದು 1847ರ ಜನವರಿ 6, ಪುಷ್ಯ ಬಹುಳ ಪಂಚಮಿಯ ದಿನ. ಆ ತಿಥಿಗೆ ಪ್ರತಿ ವರ್ಷ, ಹೆಚ್ಚಾಗಿ ಜನವರಿಯಲ್ಲಿ, ಕಾವೇರಿ ದಡದ ಅವರ ಸಮಾಧಿ ಹತ್ತಿರ ದೊಡ್ಡ ಚಪ್ಪರ ಏಳುತ್ತದೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಸಂಗೀತ. ಯಾರು ಬೇಕಾದರೂ ಬರಬಹುದು, ಸಿಕ್ಕ ಕಡೆ ಕೂರಬಹುದು. ಒಳಗೆ ಬಿಡೋಕೆ ಟಿಕೆಟ್ ಇಲ್ಲ.

ಹಾಡುವವರಿಗೂ ದುಡ್ಡಿಲ್ಲ. ಹೆಸರಾಂತ ವಿದ್ವಾಂಸರು ತಮ್ಮ ಖರ್ಚಲ್ಲೇ ಬಂದು ಸೇವೆ ಅಂತ ಹಾಡಿ ಹೋಗುತ್ತಾರೆ. ಒಬ್ಬೊಬ್ಬರಿಗೆ ಸಿಗೋದು ಕೆಲವೇ ನಿಮಿಷ. ದೊಡ್ಡ ಹೆಸರಿನವರು ಇಳಿದ ವೇದಿಕೆಗೆ ಮರುಕ್ಷಣ ಹೊಸ ಹುಡುಗ ಹುಡುಗಿಯರು ಹತ್ತುತ್ತಾರೆ. ಕೇಳುವ ಜನರಲ್ಲೂ ಹಾಗೇ. ಮೊದಲ ಸಾಲಲ್ಲಿ ತಲೆ ನೆರೆತ ಸಂಗೀತ ಮೇಷ್ಟ್ರು ತಾಳ ಹಾಕುತ್ತಿದ್ದರೆ ಹಿಂದೆ ಮಗು ಮಲಗಿಸಿಕೊಂಡ ತಾಯಂದಿರು, ಹೊಳೆಯಲ್ಲಿ ಮಿಂದು ಒದ್ದೆ ಕೂದಲಲ್ಲೇ ಬಂದ ಯಾತ್ರಿಕರು. ರಾಗ ತಿಳಿದವರು ರಾಗ ಕೇಳುತ್ತಾರೆ, ತಿಳಿಯದವರು ತಂಗಾಳಿಗೆ ಕೂತು ಹಾಡು ಕೇಳುತ್ತಾರೆ.

ಪಂಚಮಿ ದಿನದ್ದೇ ಒಂದು ಸೊಗಸು. ಬೆಳಿಗ್ಗೆ ತ್ಯಾಗರಾಜರು ಬದುಕಿದ್ದ ಮನೆಯಿಂದ ಭಜನೆ ಮೆರವಣಿಗೆ ಹೊರಟು ಸಮಾಧಿಗೆ ಬರುತ್ತದೆ. ಆಮೇಲೆ ವಿದ್ವಾಂಸರು ಎದುರು ಬದುರು ಸಾಲಾಗಿ ಕೂತು ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗಗಳ ಪಂಚರತ್ನ ಕೃತಿಗಳನ್ನು ಒಟ್ಟಾಗಿ ಹಾಡುತ್ತಾರೆ. ಅದೇ ಹೊತ್ತಿಗೆ ಗುಡಿಯೊಳಗೆ ತ್ಯಾಗರಾಜರ ವಿಗ್ರಹಕ್ಕೆ ಅಭಿಷೇಕ. ನೂರಾರು ದನಿ, ಪಿಟೀಲು, ವೀಣೆ, ಕೊಳಲು, ಮೃದಂಗ ಎಲ್ಲಾ ಸೇರಿ ಏಳುವ ಆ ಸದ್ದಿಗೆ ಚಪ್ಪರದ ಆಚೆ ನಿಂತವರೂ ದನಿಗೂಡಿಸುತ್ತಾರೆ. ಆಕಾಶವಾಣಿಯಲ್ಲಿ ಇದನ್ನು ನೇರವಾಗಿ ಕೇಳಿ ಬೆಳೆದ ಮನೆಗಳು ಮೈಸೂರು ಕಡೆಯೂ ಬೇಕಾದಷ್ಟಿವೆ.

ಇವತ್ತು ಆ ಸಾಲುಗಳಲ್ಲಿ ಗಂಡಸರಷ್ಟೇ ಸಲೀಸಾಗಿ ಹೆಂಗಸರೂ ಕೂರುತ್ತಾರೆ. ನೂರು ವರ್ಷದ ಹಿಂದೆ ಹಾಗಿರಲಿಲ್ಲ.

ಹುಟ್ಟಿದ್ದು ಇಲ್ಲಿ, ಹೆಸರು ಬೆಂಗಳೂರಿನದು

ನಾಗರತ್ನಮ್ಮ ಹುಟ್ಟಿದ್ದು 1878ರ ನವೆಂಬರ್ 3ರಂದು, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಮನೆತನದವರು. ತಂದೆ ಸುಬ್ಬರಾವ್ ವಕೀಲರು. ಮಗು ಇನ್ನೂ ಚಿಕ್ಕದಿರುವಾಗಲೇ ತಂದೆಯ ಆಸರೆ ತಪ್ಪಿತು. ತಾಯಿ ಮಗಳನ್ನು ಕಟ್ಟಿಕೊಂಡು ಮೈಸೂರಿಗೆ ಹೋದರು. ಅಲ್ಲಿ ಗಿರಿಭಟ್ಟರ ತಿಮ್ಮಯ್ಯ ಶಾಸ್ತ್ರಿ ಎಂಬ ವಿದ್ವಾಂಸರ ಬಳಿ ಮಗುವಿಗೆ ಸಂಸ್ಕೃತ, ಸಂಗೀತದ ಪಾಠ ಶುರುವಾಯಿತು. ಸ್ವಲ್ಪ ಕಾಲದಲ್ಲೇ ಆ ಆಸರೆಯೂ ಕೈಬಿಟ್ಟಿತು.

ಆದರೂ ತಾಯಿ ಪಾಠ ನಿಲ್ಲಿಸಲಿಲ್ಲ. ಬೆಂಗಳೂರಿನಲ್ಲಿ ಪಿಟೀಲು ನುಡಿಸುತ್ತಿದ್ದ ಸಂಬಂಧಿಕರೊಬ್ಬರ ಆಸರೆ ಸಿಕ್ಕಿತು. ಮುನಿಸ್ವಾಮಪ್ಪ ಎಂಬ ಗುರುಗಳಲ್ಲಿ ಸಂಗೀತ ಮುಂದುವರಿಯಿತು. ಈ ಗುರುಗಳು ತ್ಯಾಗರಾಜರ ಶಿಷ್ಯ ಪರಂಪರೆಗೆ ಸೇರಿದವರು ಅನ್ನೋದು ಮುಂದಿನ ಕಥೆಗೆ ಮುಖ್ಯ. ಜೊತೆಗೆ ನಾಟ್ಯ, ಕನ್ನಡ, ತೆಲುಗು, ಇಂಗ್ಲಿಷ್ ಕೂಡ ಕಲಿತರು. ಹದಿಹರೆಯದಲ್ಲೇ ತಾಯಿ ತೀರಿಕೊಂಡರು. ಅಲ್ಲಿಂದ ಮುಂದೆ ಹಾಡು, ಕುಣಿತವೇ ಬದುಕಿನ ದಾರಿ ಆಯಿತು.

ಬೆಂಗಳೂರಿನಲ್ಲಿ ಹೆಸರು ಮಾಡಿದ ಮೇಲೆ ನಾಗರತ್ನಮ್ಮ ಮದ್ರಾಸಿಗೆ ಹೋದರು. ಆಗಿನ ಸಂಗೀತದ ದೊಡ್ಡ ಪೇಟೆ ಅದೇ. ಊರೂರಿಂದ ಕಛೇರಿಗೆ ಕರೆ ಬರತೊಡಗಿತು. ಹರಿಕಥೆ ಅವರ ವಿಶೇಷ. ದುಡಿಮೆ ಎಷ್ಟಿತ್ತೆಂದರೆ ಮದ್ರಾಸಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಕಲಾವಿದೆ ಅವರೇ ಎನ್ನುತ್ತಾರೆ. ಲೆಕ್ಕ ಪತ್ರದಲ್ಲಿ ಅಷ್ಟು ಅಚ್ಚುಕಟ್ಟು.

ಹೆದರುವ ಜೀವ ಅಲ್ಲ

ಸಮಾಧಿಯ ಕಥೆಗೆ ಮೊದಲು ಇನ್ನೊಂದು ಸಂಗತಿ. ತಂಜಾವೂರಿನ ಆಸ್ಥಾನದಲ್ಲಿ 18ನೇ ಶತಮಾನದಲ್ಲಿದ್ದ ಮುದ್ದುಪಳನಿ ಎಂಬ ದೇವದಾಸಿ ಕವಯಿತ್ರಿ ತೆಲುಗಿನಲ್ಲಿ ರಾಧಿಕಾ ಸಾಂತ್ವನಮು ಎಂಬ ಕಾವ್ಯ ಬರೆದಿದ್ದರು. ಅದರ ಅಚ್ಚಾದ ಪ್ರತಿಯಲ್ಲಿ ಕೆಲವು ಭಾಗ ಬಿಟ್ಟುಹೋಗಿರುವುದು ನಾಗರತ್ನಮ್ಮನವರಿಗೆ ಗೊತ್ತಾಯಿತು. ಹಸ್ತಪ್ರತಿ ಹುಡುಕಿ, ತಾವೇ ಸಂಪಾದಿಸಿ, 1910ರಲ್ಲಿ ಪೂರ್ತಿ ಕಾವ್ಯ ಅಚ್ಚು ಹಾಕಿಸಿದರು. ಶೃಂಗಾರ ಜಾಸ್ತಿಯಾಯ್ತು, ಅದೂ ಹೆಂಗಸು ಬರೆದದ್ದು, ಹೆಂಗಸು ಅಚ್ಚು ಹಾಕಿಸಿದ್ದು ಅಂತ ದೊಡ್ಡ ಗಲಾಟೆ. ಬ್ರಿಟಿಷ್ ಸರ್ಕಾರ ಪುಸ್ತಕ ನಿಷೇಧಿಸಿತು. ಗಂಡಸು ಬರೆದ ಶೃಂಗಾರಕ್ಕೆ ಇಲ್ಲದ ಅಡ್ಡಿ ಇದಕ್ಕೆ ಯಾಕೆ ಅನ್ನೋದು ನಾಗರತ್ನಮ್ಮನವರ ವಾದ. ನಿಷೇಧ ತೆರವಾದದ್ದು 1947ರಲ್ಲಿ, ತಂಗುಟೂರಿ ಪ್ರಕಾಶಂ ಮದ್ರಾಸಿನ ಪ್ರಧಾನಿಯಾಗಿದ್ದಾಗ. ಅಷ್ಟು ಹೊತ್ತಿಗೆ ಅವರಿಗೆ 70 ಹತ್ತಿರ.

1927ರಲ್ಲಿ ಮದ್ರಾಸಿನ ದೇವದಾಸಿಯರು ಸಂಘ ಕಟ್ಟಿಕೊಂಡಾಗಲೂ ಮುಂದೆ ನಿಂತವರು ಇವರೇ. ದೇವದಾಸಿ ಪದ್ಧತಿ ನಿಲ್ಲಿಸಬೇಕೆಂಬ ಮಸೂದೆ ಆಗ ಚರ್ಚೆಯಲ್ಲಿತ್ತು. ಹೆಣ್ಣುಮಕ್ಕಳ ಶೋಷಣೆ ತಪ್ಪಬೇಕೆಂದು ಮುತ್ತುಲಕ್ಷ್ಮಿ ರೆಡ್ಡಿಯಂಥವರು ಹೋರಾಡುತ್ತಿದ್ದರು. ಪದ್ಧತಿ ಜೊತೆ ತಮ್ಮ ಕಲೆಗೂ ಆಸ್ತಿಗೂ ಕುತ್ತು ಬರುತ್ತದೆ ಅನ್ನೋದು ನಾಗರತ್ನಮ್ಮ ಮತ್ತು ಸಂಗಡಿಗರ ಭಯ. ಆ ಚರ್ಚೆಯಲ್ಲಿ ಎರಡೂ ಕಡೆ ನಿಜ ಇತ್ತು.

ಮೈಸೂರಿನಿಂದ ಬಂದ ಕಾಗದ

1921ರಲ್ಲಿ ನಾಗರತ್ನಮ್ಮನವರಿಗೆ ಒಂದು ಕಾಗದ ಬಂತು. ಬರೆದವರು ಮೈಸೂರಿನ ಹೆಸರಾಂತ ಗಾಯಕ ಬಿಡಾರಂ ಕೃಷ್ಣಪ್ಪ. ನಮ್ಮ ಪಕ್ಕದ ತಿರುಮಕೂಡಲಿನ ಪಿಟೀಲು ಚೌಡಯ್ಯನವರಿಗೂ ಗುರು ಇವರೇ. ನಾಗರತ್ನಮ್ಮನವರೂ ಇವರನ್ನು ಗುರುವಿನಂತೆ ಕಾಣುತ್ತಿದ್ದರು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳು ಬಿದ್ದಿದೆ ಅನ್ನೋದು ಕಾಗದದ ಸಾರ.

ಯಾರ ಹಾಡು ಹಾಡಿ ಅನ್ನ ಉಂಡಿದ್ದರೋ ಅವರ ಸಮಾಧಿಯೇ ಹೀಗಾಗಿದೆ ಅಂದರೆ ಸುಮ್ಮನಿರೋಕೆ ಆಗಲಿಲ್ಲ. ನಾಗರತ್ನಮ್ಮ ತಿರುವೈಯಾರಿಗೆ ಹೋದರು. ಜಾಗ ಯಾರ ಹೆಸರಲ್ಲಿದೆ ಅಂತ ದಾಖಲೆ ಹುಡುಕಿಸಿ, ಕಂದಾಯದವರ ನೆರವಿಂದ ಅದನ್ನು ಕಾಯಿದೆ ಪ್ರಕಾರ ತಮ್ಮ ಸುಪರ್ದಿಗೆ ಪಡೆದರು. ಅದೇ ವರ್ಷ ಕೆಲಸ ಶುರು. ಮದ್ರಾಸಿನಲ್ಲಿ ದುಡಿದಿದ್ದೆಲ್ಲಾ ತಿರುವೈಯಾರಿನ ಕಲ್ಲು, ಗಾರೆಗೆ ಹೋಯಿತು. ಸಮಾಧಿಗೆ ಗುಡಿ ಕಟ್ಟಿಸಿ, ತ್ಯಾಗರಾಜರ ವಿಗ್ರಹ ಮಾಡಿಸಿ, 1925ರ ಜನವರಿಯಲ್ಲಿ ಪ್ರತಿಷ್ಠೆ ಮಾಡಿಸಿದರು. ನಿತ್ಯಪೂಜೆಗೂ ವ್ಯವಸ್ಥೆ ಮಾಡಿದರು.

ಗುಡಿ ಕಟ್ಟಿಸಿದವರಿಗೇ ಹಾಡೋಕೆ ಜಾಗ ಇಲ್ಲ

ಆರಾಧನೆ ಅದಕ್ಕೂ ಮೊದಲೇ ನಡೆಯುತ್ತಿತ್ತು. ಆದರೆ ನಡೆಸುವವರಲ್ಲಿ ಒಡಕು. ಪೆರಿಯ ಕಚ್ಚಿ, ಚಿನ್ನ ಕಚ್ಚಿ, ಅಂದರೆ ದೊಡ್ಡ ಪಕ್ಷ, ಚಿಕ್ಕ ಪಕ್ಷ ಅಂತ ಎರಡಾಗಿ ಬೇರೆ ಬೇರೆ ಉತ್ಸವ ಮಾಡುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಇಬ್ಬರದ್ದೂ ಒಂದೇ ಮಾತು: ಹೆಂಗಸರು ಇಲ್ಲಿ ಹಾಡುವಂತಿಲ್ಲ.

ಆ ನಿಯಮ ಗುಡಿ ಕಟ್ಟಿಸಿದ ನಾಗರತ್ನಮ್ಮನವರಿಗೂ ಅನ್ವಯ. ದುಡ್ಡು ಬೇಕು, ದನಿ ಬೇಡ. ನೆಲ ಇವರದು, ಗೋಡೆ ಇವರದು, ವಿಗ್ರಹ ಇವರು ಮಾಡಿಸಿದ್ದು. ಮುಂದೆ ಕೂತು ಒಂದು ಕೃತಿ ಹಾಡೋಕೆ ಮಾತ್ರ ಅವಕಾಶ ಇಲ್ಲ.

ಬೇರೆಯವರಾದರೆ ಬೀಗ ಜಡಿದು ಎಲ್ಲರನ್ನೂ ಹೊರಗೆ ಹಾಕುತ್ತಿದ್ದರೇನೋ. ನಾಗರತ್ನಮ್ಮ ಹಾಗೆ ಮಾಡಲಿಲ್ಲ. 1927ರ ಹೊತ್ತಿಗೆ ತಮ್ಮಂಥ ಕಲಾವಿದೆಯರನ್ನು ಕರೆತಂದು ಗುಡಿಯ ಹಿಂಭಾಗದಲ್ಲಿ ಕೂರಿಸಿ ಹೆಂಗಸರದ್ದೇ ಬೇರೆ ಉತ್ಸವ ಶುರು ಮಾಡಿದರು. ಜನ ಅದಕ್ಕೆ ಪೆಣ್ಗಳ್ ಕಚ್ಚಿ, ಹೆಂಗಸರ ಪಕ್ಷ ಅಂತಲೇ ಹೆಸರಿಟ್ಟರು. ಮುಂದೆ ಗಂಡಸರ ಕಛೇರಿ, ಹಿಂದೆ ಇವರ ಹಾಡು, ಹರಿಕಥೆ. ಒಂದೆರಡು ವರ್ಷದ ಹಟ ಅಲ್ಲ ಇದು. ಹತ್ತು ವರ್ಷಕ್ಕೂ ಮೀರಿ ಬಿಡದೆ ನಡೆಯಿತು. ಬಯಲಲ್ಲಿ ಕೂತು ಕೇಳುವ ಜನಕ್ಕೆ ಪಕ್ಷ ಯಾವುದಾದರೇನು? ಹಾಡು ಚೆನ್ನಾಗಿದ್ದ ಕಡೆ ಕೂರುತ್ತಾರೆ.

ಕಡೆಗೆ 1940ರ ಸುಮಾರಿಗೆ ಎಸ್.ವೈ. ಕೃಷ್ಣಸ್ವಾಮಿ ಎಂಬ ಐ.ಸಿ.ಎಸ್. ಅಧಿಕಾರಿ, ಮುಸಿರಿ ಸುಬ್ರಹ್ಮಣ್ಯ ಅಯ್ಯರ್ ಮೊದಲಾದ ವಿದ್ವಾಂಸರು ಮುಂದೆ ಬಂದು ರಾಜಿ ಮಾಡಿಸಿದರು. ಮೂರೂ ಪಕ್ಷ ಸೇರಿ ಒಂದೇ ಸಭೆ ಆಯಿತು. ಹೆಂಗಸರಿಗೂ ಹಾಡುವ ಅವಕಾಶ ಬಂತು. ಎಲ್ಲರೂ ಒಟ್ಟಿಗೆ ಕೂತು ಪಂಚರತ್ನ ಹಾಡುವ ಪದ್ಧತಿ ನೆಲೆಯೂರಿದ್ದೂ ಈ ಒಗ್ಗಟ್ಟಿನ ನಂತರವೇ. ಇವತ್ತು ತಿರುವೈಯಾರು ಅಂದಕೂಡಲೇ ಕಣ್ಣಿಗೆ ಬರುವ ಆ ಚಿತ್ರದ ಹಿಂದೆ ಇಷ್ಟು ವರ್ಷದ ಕಾಯುವಿಕೆ ಇದೆ.

ಕೊನೆಯ ಷರತ್ತು

ಕೊನೆಗಾಲದಲ್ಲಿ ನಾಗರತ್ನಮ್ಮ ಮದ್ರಾಸು ಬಿಟ್ಟು ತಿರುವೈಯಾರಿನಲ್ಲೇ ಉಳಿದರು. ಒಂದು ಕಾಲದಲ್ಲಿ ಒಡವೆ, ಸೀರೆಗೆ ಹೆಸರಾಗಿದ್ದವರು ಸನ್ಯಾಸಿನಿಯಂತೆ ಬದುಕಿದರು. 1949ರಲ್ಲಿ ಉಯಿಲು ಬರೆಸಿ ಆಸ್ತಿಯನ್ನೆಲ್ಲಾ ಸಮಾಧಿಯ ಸೇವೆಗೆ ಬಿಟ್ಟರು. ಜೊತೆಗೆ ಷರತ್ತು ಹಾಕಿದರು. ಅಲ್ಲಿ ಪೂಜೆ ಮಾಡುವ, ಹಾಡುವ ಹಕ್ಕು ಹೆಂಗಸರಿಗೂ, ದೇವದಾಸಿ ಮನೆತನದವರಿಗೂ ಇರಲೇಬೇಕು. ಬಾಯಿಮಾತಿನ ಒಪ್ಪಂದ ನಾಳೆ ಮುರಿದುಬೀಳಬಹುದು ಅಂತ ಗೊತ್ತಿದ್ದವರು, ಕಾಗದದ ಮೇಲೇ ಬರೆಸಿಟ್ಟರು.

1952ರ ಮೇ 19ರಂದು ನಾಗರತ್ನಮ್ಮ ತೀರಿಕೊಂಡರು. ವಯಸ್ಸು 73. ತ್ಯಾಗರಾಜರ ಸಮಾಧಿಯ ಹತ್ತಿರದಲ್ಲೇ ಅವರಿಗೂ ಸಮಾಧಿ ಆಯಿತು. ಅಲ್ಲಿ ಅವರ ಪ್ರತಿಮೆ ಇದೆ, ತ್ಯಾಗರಾಜರ ಗುಡಿಯ ಕಡೆಗೇ ಮುಖ. ಒಂದು ಕಾಲಕ್ಕೆ ಗುಡಿಯ ಹಿಂದೆ ಕೂತು ಹಾಡಬೇಕಾಗಿದ್ದವರು ಈಗ ಎದುರಿಗೇ ಕೂತಿದ್ದಾರೆ.

ಹೋಗಿ ಬರೋದು ಹೇಗೆ

ಮೈಸೂರಿನಿಂದ ತಂಜಾವೂರಿಗೆ ರಾತ್ರಿ ಪ್ರಯಾಣದ ರೈಲಿದೆ. ತಂಜಾವೂರಿನಿಂದ ತಿರುವೈಯಾರಿಗೆ 12 ಕಿ.ಮೀ. ಆಸುಪಾಸು, ಬಸ್ ಸಿಗುತ್ತದೆ. ಪುಷ್ಯ ಬಹುಳ ಪಂಚಮಿ ಯಾವತ್ತು ಅಂತ ಪಂಚಾಂಗ ನೋಡಿಕೊಂಡು, ಆ ದಿನ ಬೆಳಿಗ್ಗೆ ಬೇಗ ಚಪ್ಪರ ಸೇರಿದರೆ ಕೂರೋಕೆ ಜಾಗ ಸಿಗುತ್ತದೆ. ಸಂಗೀತ ಬರುತ್ತದೋ ಇಲ್ಲವೋ ಯಾರೂ ಕೇಳಲ್ಲ.

ಹಾಡು ಮುಗಿದ ಮೇಲೆ ಹೊಳೆ ಕಡೆ ನಾಲ್ಕು ಹೆಜ್ಜೆ ಹೋಗಿ ಬನ್ನಿ. ನಂಜನಗೂಡಿನ ಸ್ನಾನಘಟ್ಟ ದಾಟಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿ ಸೇರಿ, ಶಿವನಸಮುದ್ರ, ಹೊಗೇನಕಲ್, ಮೆಟ್ಟೂರು, ತಿರುಚಿ ಹಾದು ಅಲ್ಲಿಗೇ ಬಂದಿರುತ್ತಾಳೆ.